ಕಪ್ಪು ಚೌಕದೊಳಗಿನ ಕಾಗದ

ನನ್ನ ತಮ್ಮನ ತಲೆಯೊಳಗಿನ ಚಿತ್ರಗಳಿದ್ದ ಸಿ.ಡಿ. ಹದಿನೈದು ದಿನದಿಂದ ಕಂಪ್ಲಿಯ ಅವನ ಗದ್ದೆಯಲ್ಲಿ ದಾರಕ್ಕೆ ನೇತಾಡಿ, ಬಿಸಿಲಿಗೆ ಹೊಳೆದು ಗಿಳಿ ಓಡಿಸುತ್ತಿತ್ತು. ಅವನ ಹೆಂಡತಿ ಅದರ ದಾರ ಬಿಚ್ಚಿ, ಸೆರಗಿನಲ್ಲಿ ಒರೆಸಿ, ನನ್ನ ಮೇಜಿನ ಮೇಲೆ ತಂದಿಟ್ಟಾಗ ಬೆಳಿಗ್ಗೆ ಹತ್ತು ಗಂಟೆ. ಸಂಜೆ ನಾಲ್ಕರೊಳಗೆ ಅದರಿಂದ ಒಂದು ಕಾಗದವನ್ನು ಹೊರಗೆ ತೆಗೆಯಬೇಕಿತ್ತು. ಅಂಥ ಕಾಗದ ಅದರೊಳಗೆ ಇದೆಯೋ ಇಲ್ಲವೋ ಆಗ ಯಾರಿಗೂ ಗೊತ್ತಿರಲಿಲ್ಲ.

“ಎರಡು ಸಿ.ಡಿ. ಕಟ್ಟಿದ್ವಿ ಅಕ್ಕಾರ. ಒಂದು ಭಜನಿದು, ಒಂದು ಇವರ ತಲಿದು. ಗಿಳಿ ಇವರ ತಲಿಗೇ ಭಾಳ ಅಂಜ್ತಿದ್ವು” ಎಂದಳು.

“ನಾನೂ ಅದಕ್ಕ ಅಂಜೋದು” ಎಂದೆ.

ತಮ್ಮ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಎಡಗೈಯಿಂದ ಬಲಗೈ ಒತ್ತಿಕೊಳ್ಳುತ್ತಿದ್ದ. ನಗಲಿಲ್ಲ.

ಅವನು ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಭತ್ತ ಅಳೆಯುವವನು. ಲೋಡುಗಳೆಲ್ಲ ಈಗ ತೂಕದ ಕಾಟಾದ ಮೇಲೆ ಹೋಗುತ್ತವೆ. ಕೂಲಿಯವರ ಪಾಲಿನ ಭತ್ತವನ್ನು ಮಾತ್ರ ಇಂದಿಗೂ ಕೊಳಗದಲ್ಲೇ ಅಳೆದು ಕೊಡುತ್ತಾರೆ, ಅದು ಅವನ ಕೆಲಸ. ಮೂರು ವಾರದಿಂದ ಅವನ ಬಲಗೈಗೆ ಕೊಳಗ ನಿಲ್ಲುತ್ತಿರಲಿಲ್ಲ. ಮೊದಲು ಬೆರಳು ಜುಮ್ಮೆಂದವು, ಆಮೇಲೆ ಹಿಡಿತವೇ ಹೋಯಿತು. ಕುತ್ತಿಗೆಯ ಮೂಳೆಗಳ ನಡುವೆ ನರ ಒತ್ತಿಕೊಂಡಿದೆ, ಎಂ.ಆರ್.ಐ. ಮಾಡಿಸಿಕೊಂಡು ಬನ್ನಿ, ತಡ ಮಾಡಿದರೆ ಕೈ ವಾಪಸು ಬರುವುದಿಲ್ಲ ಎಂದು ಆಪರೇಶನ್ ಮಾಡುವ ಡಾಕ್ಟರು ಹೇಳಿದ್ದರು. ನಾನು ಕೆಲಸ ಮಾಡುವ ಹೊಸಪೇಟೆಯ ಸ್ಕ್ಯಾನಿಂಗ್ ಸೆಂಟರಿನಲ್ಲೇ ಎಂ.ಆರ್.ಐ. ಯಂತ್ರವಿದೆ. ಅಕ್ಕನ ಮನೆಗೆ ಊಟಕ್ಕೆ ಬಂದಷ್ಟೇ ಸಲೀಸು ಎಂದುಕೊಂಡಿದ್ದೆವು.

ತೊಡಕು ಇದ್ದದ್ದು ತಲೆಯಲ್ಲಿ. ಬಹಳ ವರ್ಷಗಳ ಹಿಂದೆ ಅವನ ಮೆದುಳಿನಲ್ಲಿ ರಕ್ತನಾಳ ಉಬ್ಬಿ ಒಡೆದಿತ್ತು. ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ತಲೆ ತೆರೆದು, ಆ ನಾಳಕ್ಕೆ ಬಟ್ಟೆಗೆ ಹಾಕುವಂಥ ಒಂದು ಪುಟಾಣಿ ಕ್ಲಿಪ್ ಹಾಕಿ ಬದುಕಿಸಿ ಕಳಿಸಿದ್ದರು. ಎಂ.ಆರ್.ಐ. ಎಂದರೆ ಮನುಷ್ಯನೇ ಒಳಗೆ ಹೋಗುವಷ್ಟು ದೊಡ್ಡ ಆಯಸ್ಕಾಂತ. ಕ್ಲಿಪ್ ಟೈಟಾನಿಯಂನದಾದರೆ ಚಿಂತೆಯಿಲ್ಲ. ಕಬ್ಬಿಣದ ಜಾತಿಯದಾದರೆ ತಲೆಯೊಳಗೇ ತಿರುಗಿಬಿಡಬಹುದು.

“ಕ್ಲಿಪ್ ಯಾವುದು ಅಂತ ಕಾಗದ ತೋರಿಸಿ, ನಾಲ್ಕು ಗಂಟೆಗೆ ಒಳಗೆ ಬಿಡ್ತೀನಿ. ತೋರಿಸದಿದ್ದರೆ ಬಿಡೋದಿಲ್ಲ. ನಾಳೆಯಿಂದ ಒಂದು ವಾರ ಮಷೀನು ಸರ್ವಿಸ್‌ಗೆ ನಿಲ್ಲುತ್ತೆ, ಅದನ್ನೂ ನೆನಪಿಡಿ” ಎಂದಿದ್ದರು ನಮ್ಮ ಸೆಂಟರಿನ ಡಾಕ್ಟರಮ್ಮ. ಅವರು ಮೈಸೂರು ಕಡೆಯವರು. ಬೈದರೂ ಹಾಡಿದ ಹಾಗೆ ಕೇಳುತ್ತದೆ. ಬೆನ್ನಿಗೆ ಸೂಜಿ ಚುಚ್ಚಿ ಔಷಧ ಬಿಟ್ಟು ಸಿ.ಟಿ. ತೆಗೆಯುವ ಇನ್ನೊಂದು ದಾರಿಯನ್ನೂ ಅವರು ಹೇಳಿದ್ದರು. ಅದಕ್ಕೆ ಬಳ್ಳಾರಿಗೆ ಹೋಗಬೇಕಿತ್ತು. ನೂರು ಕಿಲೋ ಚೀಲ ಬೆನ್ನ ಮೇಲೆ ಹೊತ್ತ ನನ್ನ ತಮ್ಮ, ಬೆನ್ನಿಗೆ ಸೂಜಿ ಎಂದ ಕೂಡಲೇ ಎದ್ದು ನಿಂತು, “ಸೂಜಿ ಒಂದು ಬಿಟ್ಟು ಏನು ಬೇಕಾದ್ರೂ ಮಾಡ್ರಿ” ಎಂದುಬಿಟ್ಟಿದ್ದ.

ಆಪರೇಶನ್ನಿನ ಕಾಗದಗಳ ಫೈಲನ್ನು ಮನೆಯ ಇಲಿಗಳು ತಿಂದು ಮುಗಿಸಿದ್ದವು. ಆ ಆಸ್ಪತ್ರೆ ಮುಚ್ಚಿಹೋಗಿ, ಫೋನು ಮಾಡಿದರೆ ಯಾವುದೋ ಪೀಠೋಪಕರಣದ ಅಂಗಡಿಯವರು ಎತ್ತುತ್ತಿದ್ದರು. ಉಳಿದದ್ದು ಆಪರೇಶನ್ ಆದ ಮೇಲೆ ಅಲ್ಲಿಯವರು ಕೊಟ್ಟಿದ್ದ, ಗಿಳಿ ಓಡಿಸಿದ ಸಿ.ಡಿ. ಒಂದೇ.

ನನ್ನ ಕೆಲಸದ ಬಗ್ಗೆ ಇಷ್ಟು ಹೇಳಬೇಕು. ನಾನು ಕೂರುವ ರೆಕಾರ್ಡ್ ರೂಮು ಹಿಂದೆ ಎಕ್ಸ್-ರೇ ಫಿಲ್ಮ್ ತೊಳೆಯುವ ಕತ್ತಲೆ ಕೋಣೆಯಾಗಿತ್ತು. ತೊಳೆಯುತ್ತಿದ್ದವಳೂ ನಾನೇ. ಈಗ ಅರ್ಧ ದಿನ ಬಂದು ಹಳೆಯ ಸಿ.ಡಿ.ಗಳನ್ನು ಒಂದೊಂದಾಗಿ ದೊಡ್ಡ ಹಾರ್ಡ್ ಡಿಸ್ಕಿಗೆ ಇಳಿಸುತ್ತೇನೆ. ಅದಕ್ಕೆ ಕೊಟ್ಟಿರುವ ಕಂಪ್ಯೂಟರಿಗೆ ಪರದೆಯಿಲ್ಲ, ಇಂಟರ್ನೆಟ್ ಇಲ್ಲ. ನಾವು ಅದನ್ನು ಡಬ್ಬಿ ಎನ್ನುತ್ತೇವೆ. ಪರದೆ ಕೊಡಿಸಿ ಎಂದು ಕೇಳಿದ್ದಕ್ಕೆ ನಮ್ಮ ಕಂಪ್ಯೂಟರ್ ಎಂಜಿನಿಯರು ನನ್ನ ಫೋನಿಗೇ ಒಂದು ಆ್ಯಪು ಹಾಕಿಕೊಟ್ಟಿದ್ದ. ತೆರೆದರೆ ಒಂದು ಕಪ್ಪು ಕಿಟಕಿ. ಅದರಲ್ಲಿ ಆಜ್ಞೆ ಒತ್ತಿದರೆ ಡಬ್ಬಿ ಕೇಳುತ್ತದೆ. ಚಿತ್ರವಿಲ್ಲ, ಗುಂಡಿಯಿಲ್ಲ, ಬರೀ ಅಕ್ಷರ.

ನಾನು ಫೋನಿನಲ್ಲಿ ಒತ್ತಲು ಕಲಿತು ಆಗ ಆರು ತಿಂಗಳೂ ಆಗಿರಲಿಲ್ಲ. ಮೊಮ್ಮಗಳು ಕಲಿಸಿದ್ದಳು, ಅದೂ ಹಬ್ಬದ ಶುಭಾಶಯ ಕಳಿಸಲಿಕ್ಕೆ. ಡಬ್ಬಿಗೆ ಶುಭಾಶಯ ಬೇಕಿರಲಿಲ್ಲ.

ಸಿ.ಡಿ.ಯನ್ನು ಒಳಗೆ ತಳ್ಳಿ ಕಾಪಿ ಮಾಡುವ ಆಜ್ಞೆ ಕೊಟ್ಟೆ. ಡಬ್ಬಿ ಗರ್ರೆಂದು ತಿರುಗಿಸಿ, ಅರ್ಧದಲ್ಲಿ ನಿಂತು, ಓದಲಾಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಬೈಯಿತು. ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿದೆ. ಗೀರುಗಳು, ಧೂಳು, ಒಂದು ಕಡೆ ಗಿಳಿಯ ಅಭಿಪ್ರಾಯ.

ಸಿ.ಡಿ.ಯನ್ನು ರೊಟ್ಟಿ ತಟ್ಟಿದ ಹಾಗೆ ದುಂಡಗೆ ಒರೆಸಬಾರದು. ನಡುವಿನ ತೂತಿನಿಂದ ಅಂಚಿಗೆ ನೇರವಾಗಿ ಎಳೆಯಬೇಕು. ಹಿಂದೆ ಎಕ್ಸ್-ರೇ ಕ್ಯಾಸೆಟ್ ಒರೆಸುತ್ತಿದ್ದ ಮೆತ್ತನೆಯ ಚರ್ಮದ ತುಂಡು ನನ್ನ ಡ್ರಾಯರಿನಲ್ಲಿ ಇನ್ನೂ ಇತ್ತು. ಅದನ್ನು ನೀರಿಗೆ ಅದ್ದಿ ಹಿಂಡಿ, ಒರೆಸಿ, ಒಣಗಿಸಿ, ಮತ್ತೆ ಹಾಕಿದೆ. ಎರಡನೇ ಸಲ ಇನ್ನಷ್ಟು ದೂರ ಹೋಗಿ ನಿಂತಿತು. ಮೂರನೇ ಸಲ ಕೊನೆಯವರೆಗೂ ಹೋಯಿತು. ಅಷ್ಟರಲ್ಲಿ ಹನ್ನೊಂದೂವರೆ.

ಡಬ್ಬಿಗೆ ಇಳಿಸಿದ್ದೆಲ್ಲ ಡಾಕ್ಟರಮ್ಮನ ಕೋಣೆಯ ದೊಡ್ಡ ಕಂಪ್ಯೂಟರಿನಲ್ಲೂ ಕಾಣುತ್ತದೆ. ಅಲ್ಲಿ ನಮ್ಮ ಟೆಕ್ನಿಷಿಯನ್ ತೆರೆದು ನೋಡಿದ. ನಲವತ್ತು ದಾಟಿದ ಸಂಸಾರಸ್ಥ, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು. ತಮ್ಮನ ತಲೆಯ ಚಿತ್ರಗಳು ಹೋಳು ಹೋಳಾಗಿ ಬಂದವು. ಕ್ಲಿಪ್ ಇದ್ದ ಜಾಗದಲ್ಲಿ ನಕ್ಷತ್ರದ ಹಾಗೆ ಬಿಳಿ ಕಿರಣಗಳು. ಲೋಹ ಇದೆ ಎಂಬುದಕ್ಕೆ ಅದು ಸಾಕ್ಷಿ, ಯಾವ ಲೋಹ ಎಂಬುದಕ್ಕಲ್ಲ. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಂದು ಕಪ್ಪು ಚೌಕ.

“ಇದೇನು?” ಎಂದೆ.

“ಖಾಲಿ ಐತ್ರಿ ಅಮ್ಮಾರ. ಹಾಳಾಗಿರಬೇಕು.”

ಕತ್ತಲೆ ಕೋಣೆಯಲ್ಲಿ ದುಡಿದವರಿಗೆ ಕಪ್ಪು ಎಂದರೆ ಖಾಲಿ ಎಂದು ಹೇಳಿ ಒಪ್ಪಿಸುವುದು ಕಷ್ಟ. ಫಿಲ್ಮು ಕಪ್ಪಾಗುವುದು ಬೆಳಕು ಬಿದ್ದ ಕಡೆ. ಏನೂ ಬೀಳದಿದ್ದರೆ ಅದು ಬೆಳ್ಳಗೇ ಉಳಿಯುತ್ತದೆ. ಕಂಪ್ಯೂಟರಿಗೂ ಫಿಲ್ಮಿಗೂ ಸಂಬಂಧವಿಲ್ಲ ಎಂದು ನನಗೆ ಗೊತ್ತು. ಆದರೂ ಹಟ ಬಿಡಲಿಲ್ಲ. ರೂಮಿಗೆ ವಾಪಸು ಬಂದು, ಕಪ್ಪು ಕಿಟಕಿಯಲ್ಲಿ ಫೈಲುಗಳ ಪಟ್ಟಿಯನ್ನು ಅಳತೆ ಸಮೇತ ಕೇಳಿದೆ. ತಲೆಯ ಹೋಳುಗಳೆಲ್ಲ ಒಂದೇ ತೂಕ, ಒಂದೊಂದೂ ಐದು ಲಕ್ಷ ಇಪ್ಪತ್ತಾರು ಸಾವಿರ ಚಿಲ್ಲರೆ ಬೈಟು. ಕೊನೆಯ IM0214 ಮಾತ್ರ ಎರಡು ಲಕ್ಷ ಹತ್ತು ಸಾವಿರ. ಖಾಲಿ ಚೀಲ ಅಷ್ಟು ತೂಗುವುದಿಲ್ಲ.

ಒಳಗೆ ಏನಿದೆ ನೋಡೋಣ ಎಂದು ಫೈಲು ಓದುವ ಆಜ್ಞೆ ಒತ್ತಿದೆ. ಅದರ ಹೆಸರು cat, ಬೆಕ್ಕು. ಒತ್ತಿದ್ದೇ ತಡ, ಪರದೆಯ ಮೇಲೆ ಪ್ರಪಂಚದ ಎಲ್ಲ ಲಿಪಿಗಳ ಕಸ ಜೋರಾಗಿ ಸುರಿಯತೊಡಗಿತು. ಫೋನು ಕುಯ್ ಕುಯ್ ಎಂದು ಕೂಗಿಕೊಂಡಿತು. ಬೆಕ್ಕಿನ ಬಾಲ ತುಳಿದೆನೇನೋ ಎಂದು ಹೆದರಿ ಫೋನನ್ನು ದಿಂಬಿನ ಕೆಳಗೆ ಇಟ್ಟೆ. ಕುರ್ಚಿಗೆ ಹಾಕಿಕೊಳ್ಳುವ ದಿಂಬು. ಸದ್ದು ನಿಂತ ಮೇಲೆ ತೆಗೆದು ನೋಡಿದರೆ ಕಸದ ಕೊನೆಯಲ್ಲಿ ಓದಲು ಬರುವ ಒಂದೇ ಒಂದು ಪದ: %%EOF.

ಎಂಜಿನಿಯರಿಗೆ ಫೋನು ಹಚ್ಚಿದೆ. ಅವನು ಅಂದು ಸಂಡೂರಿನ ಕಡೆ ಗಣಿಯೊಂದರ ಆಸ್ಪತ್ರೆಗೆ ಹೋಗಿದ್ದ. ಆ ಗುಡ್ಡಗಳ ನಡುವೆ ಮಾತು ಅರ್ಧ ಬರುತ್ತದೆ, ಅರ್ಧ ಗುಡ್ಡಕ್ಕೆ ಹೋಗುತ್ತದೆ.

“ಕ್ಯಾಟ್ ಹೊಡದ್ರಾ? ಚಿತ್ರದ ಫೈಲಿಗೆ ಕ್ಯಾಟ್ ಹೊಡೀರಿ ಅಂತ ಯಾರ್ ಹೇಳಿದ್ರು ಅಜ್ಜಿ?”

“ಫೈಲ್ ಓದಾಕ ಕ್ಯಾಟ್ ಅಂತ ಹೋದ ವಾರ ನೀನಾ ಹೇಳಿದ್ದಿ.”

“ಅದು ಅಕ್ಷರ ಇರೋ ಫೈಲಿಗೆ! ಇರಲಿ, ಕೊನಿಗೆ ಏನ್ ಕಾಣ್ತು?”

“ಎರಡು ಪರ್ಸೆಂಟು, ಇ, ಓ, ಎಫ್.”

ಆ ಕಡೆ ಅವನು ಕೂಗಿಯೇಬಿಟ್ಟ.

“ಅಜ್ಜಿ, ಅದು ಪಿಡಿಎಫ್ ಬಾಲ! ನಿಮ್ಮ ಕಪ್ಪು ಚೌಕದಾಗ ಒಂದು ಪಿಡಿಎಫ್ ಕುಂತೈತಿ!”

ಅವನು ಬಿಡಿಸಿ ಹೇಳಿದ. ಸ್ಕ್ಯಾನಿನ ಫೈಲು ಎಂದರೆ ಒಂದು ಲಕೋಟೆಯಿದ್ದಂತೆ. ಮುಂದುಗಡೆ ರೋಗಿಯ ಹೆಸರು, ವಯಸ್ಸು, ತಾರೀಖು, ಹಿಂದೆ ಚಿತ್ರ. ಕೆಲವು ಆಸ್ಪತ್ರೆಯವರು ಚಿತ್ರದ ಬದಲು ಅದೇ ಲಕೋಟೆಯಲ್ಲಿ ಕಾಗದಪತ್ರ ಇಟ್ಟು ಕಳಿಸುತ್ತಾರೆ. ನಮ್ಮ ದೊಡ್ಡ ಕಂಪ್ಯೂಟರಿಗೆ ಚಿತ್ರ ಬಿಟ್ಟು ಬೇರೇನೂ ಗೊತ್ತಿಲ್ಲ, ಹಾಗಾಗಿ ಕಪ್ಪು ಮುಖ ತೋರಿಸುತ್ತದೆ. ಲಕೋಟೆ ಒಡೆಯುವ ಸರಿಯಾದ ಪ್ರೋಗ್ರಾಮು ಇದೆ, ಒಂದೇ ಆಜ್ಞೆಗೆ ಕೆಲಸ ಮುಗಿಯುತ್ತದೆ. ಅದು ಡಬ್ಬಿಯಲ್ಲಿರಲಿಲ್ಲ. ಹಾಕಿಕೊಳ್ಳಲು ಡಬ್ಬಿಗೆ ಇಂಟರ್ನೆಟ್ಟಿರಲಿಲ್ಲ.

“ಹಂಗಾರ ಕೈಲೆ ಹರೀಬೇಕು ಅಜ್ಜಿ. ಪಿಡಿಎಫ್ ಎಲ್ಲಿ ಶುರು ಆಗ್ತದ ಹುಡುಕಿ, ಅಲ್ಲಿಂದ ಕೊನಿತನಕ ಕತ್ತರಿಸಿ ತಗೀಬೇಕು. ಹುಡುಕೋ ಆಜ್ಞಾ ಗ್ರೆಪ್. ಮೆಸೇಜ್ ಹಾಕ್ತೀನಿ, ಹಂಗೇ ಒತ್ರಿ.”

ಹೀಗೆ ಹೇಳಿ ಅವನು ಗುಡ್ಡದ ಪಾಲಾದ. ಅವನ ಮೆಸೇಜು ಬರುವಷ್ಟರಲ್ಲಿ ಎರಡು ಗಂಟೆ ಹೊಡೆಯಿತು. ಮೆಸೇಜಿಗಿಂತ ಮೊದಲು ಟೆಕ್ನಿಷಿಯನ್ ಬಂದ, ಕೈಯಲ್ಲಿ ಒಂದು ಫಾರಂ.

“ಅಮ್ಮಾರ, ಟೈಮ್ ಹೊಂಟೈತಿ. ಈಗೆಲ್ಲಾ ಟೈಟಾನಿಯಂ ಕ್ಲಿಪ್ಪೇ ಹಾಕೋದು, ನಾ ಎಷ್ಟು ನೋಡೀನಿ. ಅಪಾಯ ಗೊತ್ತೈತಿ, ಜವಾಬ್ದಾರಿ ನಂದು ಅಂತ ಇದರ ಮ್ಯಾಲೆ ಒಂದು ಸೈನ್ ಮಾಡಸ್ರಿ. ಡಾಕ್ಟರಮ್ಮನ್ನ ನಾ ಒಪ್ಪಸ್ತೀನಿ. ಇನ್ನೊಂದು ವಾರ ಕುಂತ್ರ ಅವರ ಕೈ ಹೋಗ್ತದ.”

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ತಮ್ಮನ ಕೈ ಅವನಿಗೂ ಕಾಣುತ್ತಿತ್ತು. ತಮ್ಮ ಚಹಾದ ಲೋಟವನ್ನು ಎರಡೂ ಕೈಯಲ್ಲಿ, ಮಗು ಹಾಲು ಹಿಡಿದ ಹಾಗೆ ಹಿಡಿದಿದ್ದ.

“ಕೊಡಕ್ಕ, ಮಾಡ್ತೀನಿ. ಬಲಗೈ ಬರಂಗಿಲ್ಲ, ಎಡಗೈಲೆ ಗೀಚ್ತೀನಿ” ಎಂದ.

ಅವನ ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಫಾರಂ ನನ್ನ ಕೈಗೆ ಬಂದಿತ್ತು. ಕೊಟ್ಟರೂ ಕಷ್ಟ, ಕೊಡದಿದ್ದರೂ ಕಷ್ಟ. ಹರಿದು ಹಾಕಿದರೆ ಇನ್ನೊಂದು ತರುತ್ತಾನೆ. ನಾನು ಯೋಚನೆ ಮಾಡಿದ್ದು ಇಷ್ಟೇ: ಕಾಗದ ಒಳಗೆ ಕೂತಿದೆ ಎಂದು ಗೊತ್ತಾದ ಮೇಲೆ, ಅದನ್ನು ಓದದೆ ಇವನನ್ನು ಆಯಸ್ಕಾಂತದೊಳಗೆ ತಳ್ಳಿದರೆ ನಾಳೆ ನನಗೆ ಅನ್ನ ಇಳಿಯುವುದಿಲ್ಲ. ಫಾರಂ ಅನ್ನು ಕುರ್ಚಿಯ ಮೇಲೆ ಇಟ್ಟು ಅದರ ಮೇಲೆ ಕೂತುಬಿಟ್ಟೆ.

“ಏನ್ ಮಾಡಿದ್ರಿ ಅಮ್ಮಾರ?”

“ಕುಂತೆ.”

“ಫಾರಂ?”

“ಅದರ ಮ್ಯಾಲೇ ಕುಂತೀನಿ. ಬೇಕಾದ್ರ ಎಬ್ಬಿಸಿ ತಗೋ.”

ನನ್ನ ತೂಕ ಎಂಬತ್ತೆರಡು ಕಿಲೋ. ಅವನು ನನ್ನನ್ನು ಒಮ್ಮೆ, ಕುರ್ಚಿಯನ್ನು ಒಮ್ಮೆ ನೋಡಿ, ಮೂರೂವರೆಗೆ ಬರುತ್ತೇನೆ ಎಂದು ಹೋದ. ಅಲ್ಲಿಂದ ಮುಂದೆ ನಾನು ನೀರಿಗೂ ಏಳುವಂತಿರಲಿಲ್ಲ.

ಎಂಜಿನಿಯರನ ಮೆಸೇಜು ಬಂತು. ಒಂದೇ ಸಾಲು:

grep -abo '%PDF' IM0214

ಇದನ್ನು ಒತ್ತಲು ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಮೆಸೇಜಿನಿಂದ ಎತ್ತಿ ಅಲ್ಲಿ ಅಂಟಿಸುವ ವಿದ್ಯೆಯನ್ನು ಮೊಮ್ಮಗಳು ಆಮೇಲೆ ಕಲಿಸಿದಳು, ಅವತ್ತು ಬರುತ್ತಿರಲಿಲ್ಲ. grep ಎಂದು ಒತ್ತಿದರೆ ಫೋನು ತಾನೇ ಜಾಣತನದಿಂದ grape ಎಂದು ತಿದ್ದಿತು. ಅಂಥ ಆಜ್ಞೆ ಸಿಗಲಿಲ್ಲ ಎಂದಿತು ಡಬ್ಬಿ. ಹೊಸಪೇಟೆಯಲ್ಲಿ ದ್ರಾಕ್ಷಿ ಸಿಗದ ದಿನ ಅದೊಂದೇ. ತಮ್ಮನೂ ನಾನೂ ಆ ಆಜ್ಞೆಗೆ ದ್ರಾಕ್ಷಿ ಎಂದೇ ಹೆಸರಿಟ್ಟೆವು. ಅದನ್ನು ಸರಿಮಾಡಿದರೆ %PDF ಸುತ್ತಲಿನ ನೆಟ್ಟಗಿನ ಉದ್ಧರಣ ಚಿಹ್ನೆಗಳನ್ನು ಸೊಟ್ಟ ಮಾಡಿತು. ತಿದ್ದುವ ಚಾಳಿಯನ್ನೇ ನಿಲ್ಲಿಸುವ ಗುಂಡಿ ಹುಡುಕಿ ನಿಲ್ಲಿಸಿದೆ. ಆಗ ಬಂತು ಉತ್ತರ:

1372:%PDF

ಎಂಜಿನಿಯರಿಗೆ ಮತ್ತೆ ಹಚ್ಚಿದೆ. ಎಂಟನೇ ಸಲಕ್ಕೆ ಎತ್ತಿದ.

“ಸಾವಿರದ ಮುನ್ನೂರ ಎಪ್ಪತ್ತೆರಡು ಅಂತೈತಪ್ಪ.”

“ಮಸ್ತ್! ಈಗ ಬಾಲ ಕತ್ತರಿಸೋ ಆಜ್ಞಾ. ಟೇಲ್, ಡ್ಯಾಶ್ ಸಿ, ಪ್ಲಸ್ ಸಾವಿರದ ಮುನ್ನೂರ ಎಪ್ಪತ್ಮೂರು… ಅದು ಸೊನ್ನಿಯಿಂದ ಎಣಸ್ತದ ಅಜ್ಜಿ, ಒಂದು ಕೂಡಸಬೇಕು, ಆಮ್ಯಾಲೆ ಫೈಲ್ ಹೆಸರು, ಬಾಣದ ಗುರ್ತು, ಹೊಸ ಹೆಸ…” ಗುಡ್ಡ.

ಹೇಳಿದ್ದನ್ನು ಫಾರಂ ಮೇಲೆ ಬರೆದುಕೊಳ್ಳಬಹುದಿತ್ತು, ಅದು ಕೆಳಗಿತ್ತು. ಅಂಗೈ ಮೇಲೆ ಬರೆದುಕೊಂಡೆ. ಎಪ್ಪತ್ತಮೂರು, ಒಂದು ಕೂಡಿಸು. ಕೂಡಿಸಿದೆ. ಎಪ್ಪತ್ತನಾಲ್ಕು.

ಒತ್ತಿದೆ. ಅಂಕಿಯೇ ಸರಿಯಿಲ್ಲ ಎಂದಿತು ಡಬ್ಬಿ. ಮತ್ತೆ ಒತ್ತಿದೆ, ಮತ್ತೆ ಅದೇ. ಕನ್ನಡಕ ಒರೆಸಿ ನೋಡಿದರೆ ತಪ್ಪು ಕಂಡಿತು. ಅಂಕಿ ಬರುವ ಹೊತ್ತಿಗೆ ಬೆರಳು ತಾಗಿ ಕೀಲಿಮಣೆ ಕನ್ನಡಕ್ಕೆ ತಿರುಗಿತ್ತು. ನಾನು ಚೆಂದವಾಗಿ ೧೩೭೪ ಎಂದು ಬರೆದಿದ್ದೆ. ಬಾಲ್ಯದಲ್ಲಿ ಕಲಿತ ಅಂಕಿ, ಕಣ್ಣಿಗೆ ತಪ್ಪು ಎನಿಸಲೇ ಇಲ್ಲ. ಡಬ್ಬಿಗೆ ಕನ್ನಡ ಸಾಲೆಯ ಲೆಕ್ಕ ಬರುವುದಿಲ್ಲ. ಇಂಗ್ಲಿಷಿನಲ್ಲಿ ತಿದ್ದಿ ಒತ್ತಿದೆ:

tail -c +1374 IM0214 > tamma.pdf

ಡಬ್ಬಿ ಸುಮ್ಮನಾಯಿತು. ಸುಮ್ಮನಾದರೆ ಒಪ್ಪಿತು ಎಂದರ್ಥ. ತಮ್ಮನ ಹೆಂಡತಿಯನ್ನು ಡಾಕ್ಟರಮ್ಮನ ಕೋಣೆಗೆ ಓಡಿಸಿದೆ. ಹೋದಷ್ಟೇ ಬೇಗ ವಾಪಸು ಬಂದಳು.

“ತೆರಿಯವಲ್ತಂತ ಅಕ್ಕಾರ. ಫೈಲ್ ಕೆಟ್ಟೈತಿ ಅಂತ ಬರತೈತಂತ. ಆ ಟೆಕ್ನಿಷಿಯನ್ ಫಾರಂ ಕೇಳಾಕತ್ಯಾನ.”

ಮೂರು ಗಂಟೆ ಐದು ನಿಮಿಷ. ಎಂಜಿನಿಯರಿಗೆ ಹಚ್ಚಿದರೆ ಚಂದಾದಾರರು ವ್ಯಾಪ್ತಿ ಪ್ರದೇಶದಲ್ಲಿಲ್ಲ ಎಂದು ಆ ಹೆಣ್ಣುಮಗಳು ಹೇಳಿದ್ದನ್ನೇ ಹೇಳಿದಳು. ಬಾಲಕ್ಕೆ ಆಜ್ಞೆ ಇದ್ದ ಮೇಲೆ ತಲೆಗೂ ಇರಬೇಕಲ್ಲ? ಇದೆ, head. ಫೈಲಿನ ಮೊದಲ ಎಂಟು ಅಕ್ಷರ ತೋರಿಸು ಎಂದು ಕೇಳಿದೆ. PDF-1.4 ಎಂದು ತೋರಿಸಿ, ಕೆಳಗಿನ ಸಾಲಿಗೆ ಇಳಿಯಿತು.

“ಪಿಡಿಎಫ್ ಅಂತ ಬರದೈತಿ, ಮತ್ಯಾಕ ತೆರಿಯಂಗಿಲ್ಲಿದು?” ಎಂದು ನನ್ನಷ್ಟಕ್ಕೆ ಗೊಣಗಿದೆ. ತಮ್ಮ ಸ್ಟೂಲಿನಿಂದ ಎದ್ದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ.

“ಮ್ಯಾಲೆ ದ್ರಾಕ್ಷಿ ಕೊಟ್ಟಿದ್ದರಾಗ ಮುಂದೊಂದು ಗುರ್ತು ಐತಲ್ಲ, ಎರಡು ಸೊನ್ನಿ ನಡುವ ಗೆರಿ. ಇಲ್ಲಿ ಅದು ಇಲ್ಲ ನೋಡಕ್ಕ.”

ಹೌದು. %PDF ಇರಬೇಕಾದ ಕಡೆ ಬರೀ PDF. ಮೊದಲ ಅಕ್ಷರ ಕತ್ತರಿಗೆ ಸಿಕ್ಕಿತ್ತು.

“ದ್ರಾಕ್ಷಿ ಎಷ್ಟು ಹೇಳಿತ್ತು?” ಎಂದ.

“ಎಪ್ಪತ್ತೆರಡು.”

“ಎಂಜಿನಿಯರ್ ಎಷ್ಟು ಹೇಳಿದ?”

“ಎಪ್ಪತ್ಮೂರು. ಒಂದು ಕೂಡಸ್ರಿ ಅಂದ. ಎಪ್ಪತ್ನಾಕು ಹಾಕೀನಿ.”

ಬೆಳಿಗ್ಗೆಯಿಂದ ನಗದಿದ್ದವನು ಗೋಡೆಗೆ ಒರಗಿ ನಗತೊಡಗಿದ.

“ಲಾಭದ ಲೆಕ್ಕ ಮಾಡಿದ್ಯಲ್ಲಕ್ಕ!”

ನಮ್ಮ ಕಡೆ ಭತ್ತ ಅಳೆಯುವಾಗ ಮೊದಲ ಕೊಳಗವನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು ಎಂದು ಎಣಿಕೆ ಹೋಗುತ್ತದೆ. ಅವನು ಬದುಕಿನುದ್ದಕ್ಕೂ ಹಾಗೇ ಎಣಿಸಿದವನು.

“ಹೊಸ ಗುಮಾಸ್ತ ಬಂದಾಗೊಮ್ಮೆ ಇದೇ ಗೋಳು. ನಾ ಲಾಭ ಅಂದದ್ದು ಅವನ ಕಿವಿಗೆ ದೇವರ ಹೆಸರು ಹೇಳಿದಂಗ ಕೇಳತೈತಿ, ಗೆರಿ ಎಳಿಯಂಗಿಲ್ಲ. ನಾ ಹತ್ತು ಅಂದ್ರ ಅವನ ಪುಸ್ತಕದಾಗ ಒಂಬತ್ತು ಗೆರಿ. ಒಂದು ಕೂಡ್ಸಲೇ ಅಂತೀನಿ, ಕೂಡಸ್ತಾನ. ಆಮ್ಯಾಲೆ ಸಾಹುಕಾರ ಬರ್ತಾನ. ಇಂವ ಹೊಸಬ, ಒಂದು ಬಿಟ್ಟಿರ್ತಾನ ಅಂತ ತಾನೂ ಒಂದು ಕೂಡಸ್ತಾನ. ಹನ್ನೊಂದಾತು! ಇಲ್ಲದ ಕೊಳಗ ಎಲ್ಲಿಂದ ತರಬೇಕು?” ಉಸಿರು ತೆಗೆದುಕೊಂಡು ಹೇಳಿದ, “ನಿನ್ನ ದ್ರಾಕ್ಷಿ ಲಾಭಕ್ಕ ಗೆರಿ ಎಳದಿಲ್ಲ. ಎಂಜಿನಿಯರ್ ಅದನ್ನ ಕೂಡಿಸೇ ಹೇಳ್ಯಾನ. ನೀ ಸಾಹುಕಾರ್ತಿ, ಮತ್ತೊಮ್ಮೆ ಕೂಡಿಸಿದಿ. ಒಂದು ತಗೀ.”

ತೆಗೆದೆ. 1373 ಹಾಕಿ ಒತ್ತಿದೆ. ತಲೆ ಕೇಳಿದೆ. ಡಬ್ಬಿ ಪೂರ್ತಿ ತಲೆ ತೋರಿಸಿತು: %PDF-1.4.

“ಓಡು” ಎಂದೆ. ಅವನ ಹೆಂಡತಿ ಆಗಲೇ ಬಾಗಿಲು ದಾಟಿದ್ದಳು.

ಮೂರೂ ಇಪ್ಪತ್ತಕ್ಕೆ ಕಾರಿಡಾರಿನಲ್ಲಿ ಟೆಕ್ನಿಷಿಯನ್ನಿನ ದನಿ ಕೇಳಿತು. “ಟೈಟಾನಿಯಂ! ನಾ ಹೇಳಿದ್ನಿಲ್ಲೋ!” ಕೈಯಲ್ಲಿ ಪ್ರಿಂಟು ಬೀಸುತ್ತಾ ಬಂದ. ಅದೇ ಆಸ್ಪತ್ರೆಯ ಹೆಸರು, ತಮ್ಮನ ಹೆಸರು, ಆಪರೇಶನ್ನಿನ ಒಕ್ಕಣೆ, ಕೆಳಗೆ ಕ್ಲಿಪ್ಪಿನ ಸ್ಟಿಕರ್. ಸ್ಟಿಕರಿನಲ್ಲಿ ಟೈಟಾನಿಯಂ ಎಂದು ಅಚ್ಚಾಗಿತ್ತು. ತಮ್ಮನನ್ನು ಗಾಲಿ ಕುರ್ಚಿಗೆ ಕೂರಿಸಿದ. ಜೇಬು ಖಾಲಿ ಮಾಡಿಸಿದ, ಉಡಿದಾರ ಬಿಚ್ಚಿಸಿದ. ಡಾಕ್ಟರಮ್ಮ ಪೆನ್ನು ತೆಗೆದುಕೊಂಡು ಬರುತ್ತಿದ್ದರು. ತಮ್ಮನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಾ ನನ್ನ ಕೈಗೆ ಆ ಪ್ರಿಂಟು ಕೊಟ್ಟಳು, ನೀವೇ ನೋಡಿ ಅಕ್ಕಾರ ಎಂದು.

ಡಾಕ್ಟರುಗಳ ಇಂಗ್ಲಿಷಿನ ಒಕ್ಕಣೆ ನನಗೆ ಓದಿದರೂ ತಿಳಿಯುವುದಿಲ್ಲ. ಫಿಲ್ಮು ನೋಡುವವರು ನಡುವಿನ ಚಿತ್ರ ನೋಡುತ್ತಾರೆ, ತೊಳೆಯುವವರು ಅಂಚು ನೋಡುತ್ತಾರೆ. ಹೆಸರು, ನಂಬರು, ಎಡ ಬಲ ಎಲ್ಲ ಇರುವುದು ಅಂಚಿನಲ್ಲೇ. ಅಭ್ಯಾಸಬಲದಿಂದ ಕಾಗದದ ಅಂಚಿಗೆ ಕಣ್ಣು ಹೋಯಿತು. ಕೆಳಗೆ ಮೂಲೆಯಲ್ಲಿ ಸಣ್ಣದಾಗಿ: 1/2.

“ಇನ್ನೊಂದು ಹಾಳಿ ಎಲ್ಲಿ?” ಎಂದೆ.

“ಯಾವುದ್ರಿ?”

“ಎರಡರಾಗ ಒಂದು ಅಂತೈತಿ. ಎರಡನೇದು ಎಲ್ಲಿ?”

“ಕ್ಲಿಪ್ ಇದರಾಗೇ ಸಿಕ್ಕೈತಲ್ರಿ ಅಮ್ಮಾರ, ಎರಡನೇದು ಬಿಲ್ಲೋ ಏನೋ ಇರಬೇಕು. ಪ್ರಿಂಟರಿನಾಗ ಒಂದೇ ಹಾಳಿ ಇತ್ತು. ಜಲ್ದಿ ಬಿಡ್ರಿ…”

ನಾನು ಎದ್ದು ನಿಂತೆ. ಗಾಲಿ ಕುರ್ಚಿಯ ಗಾಲಿಗೆ ನನ್ನ ಚಪ್ಪಲಿ ಅಡ್ಡ ಇಟ್ಟೆ.

“ಡಾಕ್ಟರಮ್ಮ, ಎರಡನೇ ಪುಟ ಐತ್ರಿ.”

ಅವರು ಪೆನ್ನಿನ ಮುಚ್ಚಳ ಹಾಕಿ ತಮ್ಮ ಕೋಣೆಗೆ ಹೋದರು. ನಾವೆಲ್ಲ ಕಾರಿಡಾರಿನಲ್ಲಿ ನಿಂತೆವು. ತಮ್ಮ ಗಾಲಿ ಕುರ್ಚಿಯಲ್ಲಿ ಕೂತು ಉಡಿದಾರವಿಲ್ಲದ ಪಂಚೆಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. ಡಾಕ್ಟರಮ್ಮ ವಾಪಸು ಬಂದಾಗ ದನಿಯಲ್ಲಿ ಹಾಡು ಇರಲಿಲ್ಲ.

“ಎರಡು ಕ್ಲಿಪ್ ಹಾಕಿದ್ದಾರೆ. ಮೊದಲನೇದು ಟೈಟಾನಿಯಂ. ಅದರಿಂದ ರಕ್ತ ನಿಲ್ಲದೇ ಇದ್ದಾಗ ಹಳೇ ಸೆಟ್ಟಿಂದ ಇನ್ನೊಂದು ತಗೊಂಡು ಹಾಕಿದ್ದಾರೆ. ಅದು ಸ್ಟೀಲು. ಎಂ.ಆರ್.ಐ. ಯಾವತ್ತೂ ಮಾಡಕೂಡದು ಅಂತ ಅಡಿಗೆರೆ ಹಾಕಿ ಬರೆದಿದ್ದಾರೆ.”

ಟೆಕ್ನಿಷಿಯನ್ ಗಾಲಿ ಕುರ್ಚಿಯ ಹಿಡಿಕೆ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ, ಅದು ಬಿಸಿಯಾಗಿದೆ ಎಂಬಂತೆ. ಎಂ.ಆರ್.ಐ. ಬಾಗಿಲು ಅಲ್ಲಿಂದ ಹತ್ತು ಅಡಿಯೂ ಇರಲಿಲ್ಲ.

ಮೊದಲು ಬಾಯಿ ಬಿಟ್ಟವನು ತಮ್ಮ.

“ಹಂಗಾರ ಸೂಜಿನಾ?” ಎಂದ.

“ಸೂಜಿನೇ” ಎಂದೆ. “ನಾನೂ ಸಂಗಾಟ ಬರ್ತೀನಿ, ಅತ್ರ ಬಾಯಿಗೆ ಬಟ್ಟಿ ತುರುಕ್ತೀನಿ.”

ಟೆಕ್ನಿಷಿಯನ್ ಓಡಿಹೋಗಿ ನನಗೆ ಕುರ್ಚಿ ತಂದ. ಆ ಕುರ್ಚಿಯ ಅರ್ಧ ಅವನಿಗೂ ಬಿಟ್ಟೆ.

ಮರುದಿನ ಬಳ್ಳಾರಿಯಲ್ಲಿ ಬೆನ್ನಿಗೆ ಸೂಜಿ ಹಾಕಿ ಸಿ.ಟಿ. ತೆಗೆದರು. ಅತ್ತನೋ ಇಲ್ಲವೋ ಎಂದು ಬರೆಯಬಾರದು ಎಂದು ಮಾತು ಕೊಟ್ಟಿದ್ದೇನೆ. ಕುತ್ತಿಗೆಯಲ್ಲಿ ನರ ಎಲ್ಲಿ ಒತ್ತಿಕೊಂಡಿದೆ ಎಂದು ಸ್ಪಷ್ಟವಾಗಿ ಕಂಡಿತು. ಅದೇ ವಾರ ಆಪರೇಶನ್ ಆಯಿತು.

ಹೊಲಿಗೆ ಬಿಚ್ಚಿಸಿಕೊಂಡ ದಿನ ಅವನು ಬಸ್‌ಸ್ಟ್ಯಾಂಡಿಗೆ ಹೋಗುವ ಬದಲು ನನ್ನ ರೂಮಿಗೆ ಬಂದ. ಆ ಹೊತ್ತಿಗೆ ನಾನು ಡಬ್ಬಿಗೆ ಹೊಸ ಕೆಲಸ ಹಚ್ಚಿದ್ದೆ. ಇದುವರೆಗೆ ಇಳಿಸಿದ ಸಿ.ಡಿ.ಗಳಲ್ಲೆಲ್ಲ, ಖಾಲಿ ಎಂದು ಬಿಟ್ಟ ಕಪ್ಪು ಚೌಕಗಳೊಳಗೆ, ಎಲ್ಲೆಲ್ಲಿ ಕಾಗದ ಕೂತಿದೆ ಹುಡುಕು ಎಂದು. ಡಾಕ್ಟರಮ್ಮನೇ ಹೇಳಿದ ಕೆಲಸ. ಒಂದು ಸಾಲು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ನಾಲ್ಕೈದು ಒಟ್ಟಿಗೆ ಬಂದವು.

“ಇವರೆಲ್ಲಾ ಯಾರಕ್ಕ?”

“ಗೊತ್ತಿಲ್ಲ. ಒಬ್ಬೊಬ್ಬರ್ನ ತಗದು ನೋಡಬೇಕು.”

“ಎಲ್ಲಾರಿಗೂ ಎರಡೆರಡು ಹಾಳಿ ಇರ್ತಾವೇನು?”

“ಅದನ್ನೂ ನೋಡಬೇಕು.”

ಸಾಲುಗಳು ಇಳಿಯುತ್ತಲೇ ಇದ್ದವು. ಕಂಪ್ಲಿ ಬಸ್ಸಿಗೆ ಹೊತ್ತಾಯಿತು ಎಂದು ಅವನಿಗೆ ನೆನಪಿಸಿದೆ. ಅವನು ಕೇಳಿಸಿಕೊಳ್ಳಲಿಲ್ಲ. ಗೋಡೆ ಬದಿಯ ಕಬ್ಬಿಣದ ಸ್ಟೂಲನ್ನು ಬಲಗೈಯಿಂದಲೇ ಎತ್ತಿ ತಂದು, ನನ್ನ ಪಕ್ಕಕ್ಕೆ ಇಟ್ಟು ಕೂತು, “ನೀ ಒತ್ತು, ನಾ ಎಣಸ್ತೀನಿ” ಎಂದ.